ತಪ್ಪು, ಪಾಪ, ಗುನ್ಹೆ: ಭೀಮಾತೀರದ ಕನ್ನಡದಲ್ಲಿ ದುಷ್ಕೃತ್ಯವಾಚಕ ಶಬ್ದಗಳು

ಹಳಗನ್ನಡ ಕಾವ್ಯವನ್ನಾಗಲಿ ವಚನಗಳನ್ನಾಗಲಿ ಪಾಠಹೇಳುವಲ್ಲಿ ನಮ್ಮೊಳಗೆ ಒಂದು ರೂಢಿ ಬೆಳೆದುಬಂದಿದೆ. ಪಾತಕ, ದುರಿತ, ಅಘ, ಪೊಲ್ಲಮೆ, ಕೇಡು, ದೋಷ, ತಪ್ಪು—ಇವುಗಳಲ್ಲಿ ಯಾವುದು ಎದುರಾದರೂ ‘ಪಾಪ’ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಂದಕ್ಕೆ ಸಾಗುವುದೇ ಆ ರೂಢಿ. ಪರ್ಯಾಯಪದಗಳನ್ನು ಸಾಲಾಗಿ ಪೋಣಿಸುವ ಕೋಶಸಂಪ್ರದಾಯವು ಇದಕ್ಕೆ ಮೂಲವಾಗಿರಬಹುದು. ಪದ್ಯರಚನೆಗೆ ತೊಡಗಿದವನಿಗೆ ಮಾತ್ರೆಗೆ ಹೊಂದುವ ಶಬ್ದವು ದೊರೆಯಲೆಂದು ಹುಟ್ಟಿದ ಕೋಶಗಳು ಅರ್ಥಭೇದವನ್ನು ಕಾಯುವ ಹೊಣೆಯನ್ನು ಹೊತ್ತವಲ್ಲ. ಆದರೆ ವಿಮರ್ಶಕನಿಗೂ ಅಧ್ಯಾಪಕನಿಗೂ ಆ ಹೊಣೆಯಿಂದ ಬಿಡುಗಡೆಯಿಲ್ಲ. ಯಾವ ಕೃತ್ಯವನ್ನು ಯಾವ ಹೆಸರಿನಿಂದ ಕರೆದರು ಎಂಬುದನ್ನು ಅರಿಯದೆ, ಕವಿಯು ಯಾರ ಮೇಲೆ ಏನನ್ನು ಹೊರಿಸಿದನು, ಯಾರನ್ನು ಯಾವುದರಿಂದ ಬಿಡಿಸಿದನು ಎಂಬುದು ತಿಳಿಯುವಂತಿಲ್ಲ.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯತ್ತ ಸಾಗುತ್ತದೆ. ಇಷ್ಟೇ ಹರವಿನ ನೆಲದಲ್ಲಿ ಶರಣರ ಕಥೆ, ತೀರ್ಥಕ್ಷೇತ್ರ, ವಚನ, ತತ್ತ್ವಪದ, ಪಾರಸಿ–ಉರ್ದು ಕಚೇರಿಯ ಮಾತು, ಗಡಿಯಾಚೆಯ ಮರಾಠಿ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಬಾಳಿವೆ. ಒಂದೇ ದುಷ್ಕೃತ್ಯಕ್ಕೆ ನಾಲ್ಕು ಕಡೆಯ ಹೆಸರುಗಳು ಇಲ್ಲಿ ಸಿಕ್ಕುವಷ್ಟು ಸುಲಭವಾಗಿ ಬೇರೆಡೆ ಸಿಕ್ಕಲಾರವು.

ನಾಮಪದದ ಅರ್ಥವನ್ನು ಅರಸುವವನು ಮೊದಲು ಅದರೊಡನೆ ಬರುವ ಕ್ರಿಯಾಪದವನ್ನು ನೋಡಬೇಕೆಂಬುದು ನಮ್ಮ ಮತ. ‘ಪಾಪ’ವನ್ನು ನಾವು ಮಾಡುತ್ತೇವೆ ದಿಟ, ಆದರೆ ಮಾಡಿದ ಮೇಲೆ ಅದು ನಮ್ಮಿಂದ ಬೇರೆಯಾದ ಒಂದು ವಸ್ತುವಾಗುತ್ತದೆ. ಅದು ತಟ್ಟುತ್ತದೆ, ಅಂಟುತ್ತದೆ, ಸುತ್ತಿಕೊಳ್ಳುತ್ತದೆ. ಅದನ್ನು ಕಟ್ಟಿಕೊಳ್ಳಬಹುದು, ತೊಳೆಯಬಹುದು, ಕಳೆಯಬಹುದು, ಹಂಚಿಕೊಳ್ಳಬಹುದು. ಪಾಪಕ್ಕೆ ಗಂಟುಂಟು, ಕೊಡವುಂಟು. ಕೊಡವು ತುಂಬುವುದೂ ಉಂಟು. ಮಾಡದವನಿಗೂ ಅದು ತಗಲಬಹುದು. ‘ತಪ್ಪು’ ಹಾಗಲ್ಲ. ಅದು ಮೂಲತಃ ಕ್ರಿಯಾಪದ. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಬಂಡಿ ತಪ್ಪುತ್ತದೆ. ಬರಬೇಕಾದ ಗಂಡಾಂತರವೂ ತಪ್ಪುತ್ತದೆ. ಸೇರಬೇಕಾದಲ್ಲಿಗೆ ಸೇರದೆ ಹೋಗುವುದೇ ಅದರ ತಿರುಳು. ಆದುದರಿಂದ ತಪ್ಪನ್ನು ತಿದ್ದಬಹುದು, ಒಪ್ಪಿಕೊಳ್ಳಬಹುದು, ಮನ್ನಿಸಬಹುದು. ತಪ್ಪನ್ನು ತೊಳೆದುಕೊಂಡೆನೆಂದು ಕನ್ನಡಿಗನು ಅನ್ನುವುದಿಲ್ಲ. ಪಾಪವನ್ನು ತಿದ್ದಿಕೊಂಡೆನೆಂದೂ ಅನ್ನುವುದಿಲ್ಲ. ತಪ್ಪಿಗೂ ಕಾಣಿಕೆಯುಂಟಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ದೇವರ ಗುಡಿಗಳಲ್ಲಿ ‘ತಪ್ಪುಕಾಣಿಕೆ’ ಒಪ್ಪಿಸುವುದು ಎಲ್ಲರೂ ಬಲ್ಲ ಪದ್ಧತಿಯೇ. ಆದರೆ ಅದು ನೊಂದವರ ಮುಂದೆ ತಪ್ಪನ್ನು ಹೇಳಿಕೊಂಡು ಸಲ್ಲಿಸುವ ಒಪ್ಪಿಗೆಯೇ ಹೊರತು ಕೊಳೆಯನ್ನು ಹರಿಸಿಬಿಡುವ ನೀರಲ್ಲ.

ಗಾಣಗಾಪುರದ ಅಷ್ಟತೀರ್ಥಗಳಲ್ಲಿ ಒಂದರ ಹೆಸರು ‘ಪಾಪವಿನಾಶಿ’. ನೃಸಿಂಹ ಸರಸ್ವತಿಯ ಚರಿತ್ರೆಯಾದ ಮರಾಠಿಯ ಗುರುಚರಿತ್ರೆಯಿಂದ ಪ್ರಸಿದ್ಧವಾದ ಈ ಕ್ಷೇತ್ರಕ್ಕೆ ಕನ್ನಡಿಗರೂ ಮರಾಠಿಗರೂ ಸಮಸಮವಾಗಿ ಬಂದು ಸಂಗಮದಲ್ಲಿ ಮೀಯುತ್ತಾರೆ. ನಮ್ಮ ನಾಡಿನಲ್ಲಿ ಪಾಪನಾಶಿ, ಪಾಪವಿನಾಶಿಗಳೆಂಬ ತೀರ್ಥಗಳು ಹಲವು. ತಪ್ಪುವಿನಾಶಿ ಎಂಬ ತೀರ್ಥವು ಎಲ್ಲಿಯೂ ಇಲ್ಲ. ಇದು ನಗೆಮಾತಾಗಿ ತೋರಬಹುದು. ಆದರೂ ಎರಡು ಶಬ್ದಗಳ ನಡುವಣ ಗೆರೆಯನ್ನು ಇದಕ್ಕಿಂತ ಸ್ಫುಟವಾಗಿ ಎಳೆದು ತೋರಿಸುವುದು ಕಷ್ಟ.

ತಪ್ಪಿನ ಹಳೆಯ ಬಲವು ಕಾಣುವುದು ‘ಮಾತಿಗೆ ತಪ್ಪು’ ಎಂಬ ಪ್ರಯೋಗದಲ್ಲಿ. ಆಳಂದದವನಾದ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಅಬ್ಬಲೂರ ಶಾಸನವನ್ನು, ಸುಮಾರು 1200ರದೆಂದು ಎಣಿಸಲ್ಪಟ್ಟುದನ್ನು, ಈ ದೃಷ್ಟಿಯಿಂದ ಓದಿನೋಡಬೇಕು. ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದ ಬೆಳೆದು, ರಾಮಯ್ಯನು ತನ್ನ ತಲೆಯನ್ನು ಅರಿದು ಮರಳಿ ಪಡೆದರೆ ತಾವು ಜಿನನನ್ನು ತೆಗೆದು ಶಿವನನ್ನು ನಿಲಿಸುವೆವೆಂದು ಅವರು ಓಲೆಯನ್ನು ಬರೆದುಕೊಟ್ಟರು. ತಲೆ ಮರಳಿ ಬಂದ ಬಳಿಕ ಓಲೆಯಂತೆ ನಡೆಯಲಿಲ್ಲ. ರಾಮಯ್ಯನು ಬಸದಿಯನ್ನು ಭಂಗಿಸಿದನು. ದೂರು ಬಿಜ್ಜಳನಲ್ಲಿಗೆ ಹೋದಾಗ ಓಲೆಯನ್ನೇ ಮುಂದಿಟ್ಟನು. ಇಡೀ ಕಥನವು ನಿಂತಿರುವುದು ಓಲೆಗೆ ತಪ್ಪಿದರೆಂಬ ಒಂದು ಆಧಾರದ ಮೇಲೆ. ಪರರ ದೇವರನ್ನು ಒಡೆದ ಕೃತ್ಯವು ಆ ತಪ್ಪಿನ ನೆರಳಿನಲ್ಲಿ ಮರೆಯಾಗಿಬಿಡುತ್ತದೆ. ಶಾಸನವು ಗೆದ್ದ ಪಕ್ಷದ್ದು. ಸೋತವರು ಇದೇ ಸಂಗತಿಯನ್ನು ಕಲ್ಲಿಗೆ ಬರೆಸಿದ್ದರೆ ‘ತಪ್ಪು’ ಎಂಬ ಶಬ್ದವು ಯಾವ ಕಡೆಗೆ ತಿರುಗುತ್ತಿತ್ತೆಂದು ಊಹಿಸಲು ಹೆಚ್ಚಿನ ಪಾಂಡಿತ್ಯವು ಬೇಕಿಲ್ಲ. ವೀರಶೈವ ಪುರಾಣಗಳನ್ನು ಬೋಧಿಸುವವರು ಈ ಎಡೆಯಲ್ಲಿ ಪವಾಡವನ್ನು ಕೊಂಡಾಡಿ ಸುಮ್ಮನಾಗುವುದು ನಮಗೆ ಸರಿಯೆನಿಸುವುದಿಲ್ಲ.

‘ದೋಷ’ಕ್ಕೆ ಮಾಡುವವನೇ ಬೇಡ. ವಾತ ಪಿತ್ತ ಕಫಗಳು ದೋಷಗಳು. ಮಳಖೇಡದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿವೇಚನೆ. ಅಲ್ಲಿ ದೋಷವು ಕೃತಿಯಲ್ಲಿರುತ್ತದೆ, ತಿದ್ದಿದರೆ ಹೋಗುತ್ತದೆ. ಅದೇ ಶಬ್ದವು ಜಾತಕಕ್ಕೆ ಏರಿದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ಏನನ್ನೂ ಮಾಡದ ಕನ್ನಿಕೆಯ ಮೇಲೆ ಕುಜದೋಷವು ಬಂದು ಕುಳಿತು ಅವಳ ಮದುವೆಯನ್ನು ತಡೆಯುತ್ತದೆ. ಕೃತ್ಯವಿಲ್ಲದ ಕಳಂಕಕ್ಕೆ ಶಬ್ದವೊಂದು ಆಸರೆಯಾಗುವುದೆಂದರೆ ಇದೇ.

ಇನ್ನು ಧರ್ಮಶಾಸ್ತ್ರ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿದ್ದವನು. ಕಲಬುರಗಿಗೆ ಹತ್ತಿರದ ಮರತೂರು ತನ್ನನ್ನು ಅವನ ಊರೆಂದು ಹೇಳಿಕೊಳ್ಳುತ್ತದೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳು. ಬ್ರಹ್ಮಹತ್ಯೆ, ಸುರಾಪಾನ, ಸ್ತೇಯ, ಗುರುತಲ್ಪಗಮನ, ಇವರ ಸಂಸರ್ಗ—ಈ ಐದು ಮಹಾಪಾತಕಗಳು, ಇವಕ್ಕೆ ಸಮವಾದುವು ಕೆಲವು, ಕೆಳಗೆ ಉಪಪಾತಕಗಳು. ‘ಪಾತಕ’ವೆಂದರೆ ಬೀಳಿಸುವುದು. ಬಿದ್ದ ಎತ್ತರವನ್ನು ಅಳೆಯದೆ ಪ್ರಾಯಶ್ಚಿತ್ತವನ್ನು ವಿಧಿಸುವಂತಿಲ್ಲವಾದುದರಿಂದ ಇಲ್ಲಿ ಪ್ರತಿಯೊಂದಕ್ಕೂ ತೂಕವುಂಟು. ತನ್ನ ಹೆಚ್ಚಳಕ್ಕಾಗಿ ಸುಳ್ಳಾಡುವುದನ್ನು ಮನುಸ್ಮೃತಿಯ 11ನೆಯ ಅಧ್ಯಾಯವು ಬ್ರಹ್ಮಹತ್ಯೆಗೆ ಸಮವೆಂದರೆ ಯಾಜ್ಞವಲ್ಕ್ಯನು ಸುರಾಪಾನಕ್ಕೆ ಸಮವೆನ್ನುತ್ತಾನೆ. ಇವೆರಡನ್ನೂ ಒಂದುಗೂಡಿಸುವ ತೊಡಕಿನಲ್ಲಿ ವ್ಯಾಖ್ಯಾನಕಾರನ ಬುದ್ಧಿಯು ಹೊಳೆಯುತ್ತದೆ. ಆದರೆ ಸುಳ್ಳನ್ನು ಕೇಳಿ ಮೋಸಹೋದವನು ಮಾತ್ರ ಆ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಕಾಣುವುದಿಲ್ಲ.

ಶಾಸನಗಳ ಕೊನೆಯ ಶಾಪವಾಕ್ಯಗಳಲ್ಲಿಯೂ ಇದೇ ತೂಕದ ಮಾತು. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿಯೋ ಕುರುಕ್ಷೇತ್ರದಲ್ಲಿಯೋ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾತಕಕ್ಕೆ ಪಕ್ಕಾಗುವನೆಂಬುದು ಕನ್ನಡ ನಾಡಿನುದ್ದಕ್ಕೂ ಕಾಣುವ ಸಿದ್ಧವಾಕ್ಯ. ಭೂಮಿಯನ್ನು ಕಿತ್ತುಕೊಳ್ಳುವ ಕೃತ್ಯಕ್ಕೆ ಅದರದೇ ಹೆಸರು ಸಾಲದೆ, ದೂರದ ಘೋರಕೃತ್ಯವೊಂದರ ಹೆಸರನ್ನು ತಂದು ಹೊರಿಸಲಾಗುತ್ತಿತ್ತು. ಅತ್ತ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ‘ದಶಾಪರಾಧ’ಗಳೊಡನೆ ದಾನಮಾಡುತ್ತಾರೆ, ಎಂದರೆ ಹತ್ತು ಬಗೆಯ ಅಪರಾಧಗಳಿಂದ ಬರುವ ದಂಡದ ಹಣವು ದಾನಪಡೆದವನಿಗೆ ಸಲ್ಲುತ್ತದೆ. ಚಾಲುಕ್ಯಕಾಲದ ಕನ್ನಡ ಶಾಸನಗಳ ‘ದಂಡದೋಷ’ವೂ ಇದೇ ಜಾತಿಯ ಆದಾಯ. ಒಂದೇ ಶಾಸನದ ಮೇಲ್ತುದಿಯಲ್ಲಿ ಅಪರಾಧವು ಹುಟ್ಟುವಳಿಯ ಬಾಬ್ತು, ಕೆಳತುದಿಯಲ್ಲಿ ಪಾತಕವು ನರಕದ ದಾರಿ! ಈ ವೈಚಿತ್ರ್ಯವನ್ನು ಶಾಸನವನ್ನು ಕಂಡರಿಸಿದವರು ಗಮನಿಸಿದ್ದರೋ ಇಲ್ಲವೋ.

ಶರಣರ ಭಾಷೆಯ ಹೊಸತನವು ಈ ಹಿನ್ನೆಲೆಯಲ್ಲಿ ಮಾತ್ರ ತಿಳಿಯತಕ್ಕುದು. ಏಳು ನಿಷೇಧಗಳನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವು ವಾಚಕರಿಗೆ ಕಂಠಪಾಠವಾಗಿರುವುದರಿಂದ ಇಲ್ಲಿ ಎತ್ತಿ ಬರೆಯಬೇಕಾದುದಿಲ್ಲ. ಅದರ ವ್ಯಾಕರಣವನ್ನಷ್ಟೇ ಗಮನಿಸೋಣ. ಕಳ್, ಕೊಲ್, ಮುನಿ, ಹಳಿ ಎಂಬ ಬರಿಯ ಕನ್ನಡ ಧಾತುಗಳು. ಜೊತೆಗೆ ‘ಹುಸಿ’ ಎಂಬ ಹಳೆಯ ‘ಪುಸಿ’. ವರ್ಗವಾಚಕವಾದ ಪಾತಕ ಪಾಪ ದೋಷಗಳ ಸುಳಿವೇ ಅಲ್ಲಿಲ್ಲ. ಕೊಲ್ಲುವುದಕ್ಕೂ ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೂ ಒಂದೇ ವಿಧಿರೂಪ, ಒಂದೇ ಉಸಿರು. ಮನುವೂ ಆತ್ಮೋತ್ಕರ್ಷದ ಸುಳ್ಳನ್ನು ಬ್ರಹ್ಮಹತ್ಯೆಗೆ ಸಮನೆಂದನಲ್ಲಾ, ಹೊಸತೇನು ಎಂದು ಕೇಳಬಹುದು. ಮನುವು ಸಮವೆಂದುದು ಪ್ರಾಯಶ್ಚಿತ್ತದ ಅಳತೆಗಾಗಿ; ವಚನಕಾರನು ಅಳತೆಯನ್ನೇ ಕೈಬಿಟ್ಟಿದ್ದಾನೆ. ಕ್ರಿಯೆಯನ್ನು ಹೆಸರಿಸಿದ ಮೇಲೆ ಅದನ್ನು ಮಾಡದಿರುವುದೊಂದೇ ಉಳಿಯುತ್ತದೆ. ತೊಳೆಯುವುದಕ್ಕೆ ವಸ್ತುವೇ ಇಲ್ಲ. ತೀರ್ಥಸ್ನಾನವನ್ನು ಶರಣರು ಹಳಿದುದು ಮತದ್ವೇಷದಿಂದಲ್ಲ, ಅವರ ಶಬ್ದಗಳಿಂದಲೇ ಒದಗಿಬಂದ ಫಲವದು ಎಂದು ನಾವು ಭಾವಿಸುತ್ತೇವೆ.

ಆದರೂ ವಚನಗಳ ಶಬ್ದಪ್ರಯೋಗವೆಲ್ಲವೂ ನಿರ್ದುಷ್ಟವೆಂದು ಹೇಳುವಂತಿಲ್ಲ. ‘ಹೊಲೆ’ ಎಂಬ ಶಬ್ದವನ್ನು ನೋಡಿರಿ. ಮೈಲಿಗೆಯೆಂಬ ಅರ್ಥದ ಈ ಮಾತು ಹುಟ್ಟಿನ ಮೇಲೆ ಹೇರಲ್ಪಟ್ಟು ಒಂದು ಜನಸಮುದಾಯದ ಹೆಸರೇ ಆಗಿಹೋಗಿತ್ತು. ಶರಣರು ಅದನ್ನು ಹುಟ್ಟಿನಿಂದ ಕಿತ್ತು ಕೃತ್ಯಕ್ಕೆ ತಗುಲಿಸಿದರು: ಹುಸಿವುದು, ಕಳುವುದು, ಕೊಲ್ಲುವುದೇ ಹೊಲೆಯೆಂದರು. ಈ ಪಲ್ಲಟವನ್ನು ವಿಮರ್ಶಕರೆಲ್ಲರೂ ಮೆಚ್ಚಿ ಬರೆದಿದ್ದಾರೆ, ಮೆಚ್ಚತಕ್ಕುದೂ ಹೌದು. ಆದರೆ ಶಬ್ದವು ಬೈಗುಳವಾಗಿ ನಾಟುವುದಕ್ಕೆ ಬೇಕಾದ ಕಸುವು ಎಲ್ಲಿಂದ ಬಂತು? ಹುಟ್ಟಿನ ಹೀನತೆಯ ಆ ಹಳೆಯ ನಂಬಿಕೆಯಿಂದಲೇ. ಕಳ್ಳನನ್ನು ನೋಯಿಸಲೆಂದು ಎಸೆದ ಕಲ್ಲು ಕಳ್ಳತನವನ್ನೇ ಅರಿಯದವನ ಮನೆಯ ಮೇಲೂ ಬೀಳುತ್ತದೆ. ಜಾತಿಯ ಹೆಸರಿನಿಂದ ನಿಂದಿಸುವುದನ್ನು 1989ರ ದೌರ್ಜನ್ಯ ತಡೆ ಕಾಯಿದೆಯು ಶಿಕ್ಷಾರ್ಹವೆಂದು ಸಾರಿರುವ ಈ ಕಾಲದಲ್ಲಿ, ಆ ವಚನಗಳನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕನು ಎದುರಿಗೆ ಕುಳಿತ ವಿದ್ಯಾರ್ಥಿಗಳ ಮುಖವನ್ನು ನೋಡಿ ಮಾತಾಡಬೇಕಾಗಿದೆ. ವಚನಕಾರರ ಉದ್ದೇಶವು ಒಳ್ಳೆಯದೆಂಬ ಒಂದೇ ಸಮಾಧಾನವು ಸಾಲದು.

ಜೇವರ್ಗಿಯ ಷಣ್ಮುಖ ಶಿವಯೋಗಿಗಳು 17ನೆಯ ಶತಮಾನದವರು. ‘ಅಖಂಡೇಶ್ವರಾ’ ಎಂಬ ಅಂಕಿತದಲ್ಲಿ ಏಳು ನೂರಕ್ಕೂ ಮಿಕ್ಕ ವಚನಗಳು ಅವರವು. ಷಟ್ಸ್ಥಲದ ಚೌಕಟ್ಟಿನಲ್ಲಿ ಜೋಡಣೆಗೊಂಡವು. 12ನೆಯ ಶತಮಾನದ ವಚನಗಳನ್ನು ಓದಿ ಇಲ್ಲಿಗೆ ಬಂದವನಿಗೆ ಮೊದಲು ಕಣ್ಣಿಗೆ ಬೀಳುವುದು ಎಣಿಕೆಯ ಶಬ್ದಗಳು: ಅರಿಷಡ್ವರ್ಗ, ಅಷ್ಟಮದ, ಸಪ್ತವ್ಯಸನ. ಕಳ್, ಕೊಲ್ ಎಂಬ ಧಾತುಗಳ ಎಡೆಯಲ್ಲಿ ಸಂಸ್ಕೃತದ ವರ್ಗನಾಮಗಳು ಮರಳಿ ಬಂದುವೆಂದೂ, ಇದು ವಚನದ ಇಳಿಗಾಲದ ಲಕ್ಷಣವೆಂದೂ ಹೇಳುವವರಿದ್ದಾರೆ. ಅರ್ಧ ಒಪ್ಪತಕ್ಕ ಮಾತು. ಸ್ಮೃತಿಯ ವರ್ಗಗಳು ಕೃತ್ಯಗಳನ್ನು ವಿಭಾಗಿಸಿದರೆ, ಕಾಮ ಕ್ರೋಧ ಮದ ಮತ್ಸರಗಳ ಈ ಎಣಿಕೆಯು ಕೃತ್ಯಕ್ಕೆ ಮೊದಲಿನ ಮನಸ್ಸನ್ನು ವಿಭಾಗಿಸುತ್ತದೆ. ಪ್ರಾಯಶ್ಚಿತ್ತಕ್ಕೆ ಸಿಕ್ಕುವ ವಸ್ತುವಲ್ಲ ಅದು. ಆದರೆ ಎಣಿಕೆಯು ಒಮ್ಮೆ ಕಟ್ಟುಬಿದ್ದರೆ ಬಾಯಿಪಾಠವಾಗುತ್ತದೆ, ಬಾಯಿಪಾಠವಾದುದು ಚುಚ್ಚುವುದಿಲ್ಲ. ‘ಮುನಿಯಬೇಡ’ ಎಂದವನ ಎದುರಿಗೆ ಒಬ್ಬ ಕೇಳುಗನು ನಿಂತಿರುತ್ತಾನೆ, ‘ಷಡ್ವರ್ಗವನ್ನು ಅಳಿ’ ಎಂದಾಗ ಆ ಕೇಳುಗನು ಸ್ವಲ್ಪ ದೂರ ಸರಿಯುತ್ತಾನೆ. ಭಕ್ತಸ್ಥಲದ ವಚನಗಳಲ್ಲಿ ಶಿವಯೋಗಿಗಳು ತಮ್ಮನ್ನೇ ಮುಂದಿಟ್ಟುಕೊಂಡು ಮೊರೆಯಿಡುವ ಕಡೆ ಈ ದೂರವು ಅಳಿದು ಮಾತು ಮತ್ತೆ ಬಿಸಿಯಾಗುತ್ತದೆ. ಆ ಭಾಗವೇ ಅವರ ಕೃತಿಯಲ್ಲಿ ಉಳಿಯುವ ಭಾಗವೆಂದು ನಮ್ಮ ನಿರ್ಣಯ.

ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನ ಹೊತ್ತಿಗೆ ಮಾತು ಊರ ಕಟ್ಟೆಗೆ ಇಳಿದಿದೆ. ಅವನ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬನಂತಹ ಮುಸಲ್ಮಾನರೂ ಇದ್ದರು. ಏಕತಾರಿ ದಮ್ಮಡಿಗಳೊಡನೆ ರಾತ್ರಿಯ ಭಜನೆಯಲ್ಲಿ ಹಾಡುವ ಈ ಪರಂಪರೆಯ ಪದಗಳಲ್ಲಿ ಕಳ್ಳ, ಠಕ್ಕ, ಖೂಳ, ಖೋಡಿಗಳೆಂಬ ದಿನಬಳಕೆಯ ಬೈಗುಳಗಳು ಬರುವುದುಂಟು. ಬೈಸಿಕೊಳ್ಳುವುದು ಹೆಚ್ಚಾಗಿ ಹಾಡುವವನ ಮನಸ್ಸೇ. ಪಂಡಿತರು ಇವನ್ನು ಗ್ರಾಮ್ಯವೆಂದು ಬಹುಕಾಲ ಬದಿಗಿಟ್ಟರು. ಗ್ರಾಮ್ಯವೆಂಬುದೂ ಅಲಂಕಾರಶಾಸ್ತ್ರದ ಒಂದು ದೋಷವೇ ಅಲ್ಲವೆ!

ದ್ರೋಹಕ್ಕೆ ಈ ಸೀಮೆಯ ಆಡುಮಾತಿನಲ್ಲಿರುವ ಹೆಸರುಗಳು ಬಹಳ ಸೊಗಸಾದುವು. ಉಂಡ ಮನೆಗೆ ‘ಎರಡು ಬಗೆಯುವುದು’, ಉಂಡ ಮನೆಯ ‘ಜಂತಿ ಎಣಿಸುವುದು’. ಹಳಗನ್ನಡದ ‘ಜೋಳವಾಳಿ’ಯ ನೆನಪು ಇಲ್ಲಿ ಮಾಸದೆ ಉಳಿದಿದೆ, ಅನ್ನವಿಕ್ಕಿದ ಒಡೆಯನ ಜೋಳದ ಋಣಕ್ಕೆ ತಪ್ಪದಿರುವುದೇ ಅಂದಿನ ವೀರನ ನಡತೆ. ಜೋಳವನ್ನೇ ಉಣ್ಣುವ ನಾಡಿನಲ್ಲಿ ಈ ಶಬ್ದಕ್ಕೆ ಟೀಕೆ ಬೇಡ. ಇದರ ಮಗ್ಗುಲಲ್ಲಿಯೇ ‘ಬೇಮಾನ’ ಎಂಬುದೂ ಬಂದು ಕುಳಿತಿದೆ. ಈಮಾನೆಂದರೆ ಶ್ರದ್ಧೆ, ದೇವರಲ್ಲಿಡುವ ಶ್ರದ್ಧೆಗೆ ಹೇಳಿದ ಮಾತು ಹಳ್ಳಿಯಲ್ಲಿ ಉಪ್ಪಿನ ಋಣಕ್ಕೆ ನಿಂತಿತು.

ಇದಕ್ಕಿಂತ ವಿಚಿತ್ರವಾದುದು ‘ಗುನ್ಹೆ’ಯ ಸಂಚಾರ. ಪಾರಸಿಯ ‘ಗುನಾಹ್’ ದೇವರೆದುರಿನ ಪಾಪ, ಕಾನೂನಿನೆದುರಿನದು ‘ಜುರ್ಮ್’. ನಿಜಾಮರ ಆಳಿಕೆಯು 1948ರವರೆಗೆ ಇದ್ದ ಈ ಸೀಮೆಯಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಹಾಗಿರಲು ಜುರ್ಮ್ ಎಂಬುದೇ ಕನ್ನಡಕ್ಕೆ ಬರಬೇಕಾಗಿತ್ತು. ಬರಲಿಲ್ಲ. ಬಂದುದು ಗುನ್ಹೆ, ಅದೂ ಮರಾಠಿಯಲ್ಲಿರುವಂತೆ ಕಾನೂನಿನ ಅರ್ಥದಲ್ಲಿ. ಇಂದಿಗೂ ಪೊಲೀಸು ಠಾಣೆಯಲ್ಲಿ ‘ಗುನ್ನೆ ನಂಬರು’ ಬೀಳುತ್ತದೆ. 1860ರ ದಂಡಸಂಹಿತೆಯು ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಬಂದರೂ ಗುನ್ನೆಯು ಕದಲಿಲ್ಲ. ಜುರ್ಮಿನಿಂದ ನಮಗೆ ದಕ್ಕಿದುದು ‘ಜುರ್ಮಾನಾ’, ಎಂದರೆ ದಂಡ, ಅದೂ ‘ಜುಲ್ಮಾನೆ’ಯಾಗಿ. ರಕಾರವು ಲಕಾರವಾಗುವಲ್ಲಿ ‘ಜುಲುಮೆ’ಯ ಸದ್ದು ಜನರ ಕಿವಿಯಲ್ಲಿ ಇದ್ದಿರಲಾರದೆ? ದಂಡವನ್ನು ತೆತ್ತವರು ಅಪರಾಧದ ಹೆಸರನ್ನು ಮರೆತು ದಬ್ಬಾಳಿಕೆಯ ಹೆಸರನ್ನು ನೆನಪಿಟ್ಟುಕೊಂಡರೆಂಬುದು ಊಹೆಯೇ ಇರಬಹುದು, ಅಸಂಭಾವ್ಯವಂತೂ ಅಲ್ಲ. ಅತ್ತ ಸಂಸ್ಕೃತದ ‘ಅಪರಾಧ’ವು ಭಕ್ತಿಗೀತದಲ್ಲಿ ದೇವರಲ್ಲಿ ಕ್ಷಮೆಬೇಡುವ ಮಾತೂ ಹೌದು, ನ್ಯಾಯಾಲಯದ ಮಾತೂ ಹೌದು.

ಕಡೆಯದಾಗಿ ‘ಪಾಪ’ಕ್ಕೇ ಮರಳಬೇಕು. ಕಷ್ಟದಲ್ಲಿರುವವನನ್ನು ಕಂಡು ಕನ್ನಡಿಗರು ‘ಪಾಪ!’ ಎನ್ನುತ್ತಾರೆ. ತೆಲುಗರ ‘ಪಾಪಂ’, ತಮಿಳರ ‘ಪಾವಂ’ ಕೂಡ ಹೀಗೆಯೇ. ಇಂದಿನ ದುಃಖವು ಹಿಂದಿನ ಜನ್ಮದ ಪಾಪದ ಫಲವೆಂಬ ನಂಬಿಕೆಯೇ ಇದಕ್ಕೆ ಮೂಲವಾಗಿರಬೇಕು. ನೊಂದವನ ಮೇಲೆಯೇ ಹೊಣೆಯನ್ನು ಹೊರಿಸುವ ಕಠೋರವಾದ ಮತವದು. ಆಡುವವರ ಬಾಯಲ್ಲಿ ಮಾತ್ರ ಆ ಹೊರೆಯೆಲ್ಲವೂ ಉದುರಿ ಮರುಕವೊಂದೇ ಉಳಿಯಿತು. ‘ಪಾಪಿ’ಯೂ ಈ ದಾರಿಯಲ್ಲಿ ಅರ್ಧ ನಡೆದಿದೆ: ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು ಎಂಬ ಗಾದೆಯಲ್ಲಿ ಪಾಪಿಯು ದುಷ್ಟನಲ್ಲ, ನತದೃಷ್ಟ.

ತತ್ತ್ವಪದಗಳನ್ನು ಓದುವಲ್ಲಿ ಇದರಿಂದ ಒಂದು ತೊಡಕು ಹುಟ್ಟುತ್ತದೆ. ಹಾಡುವವನು ತನ್ನನ್ನು ತಾನೇ ಪಾಪಿಯೆಂದು ಕರೆದುಕೊಂಡಾಗ ಆ ಮಾತು ತಪ್ಪೊಪ್ಪಿಗೆಯೋ ಅಥವಾ ಗತಿಗೆಟ್ಟವನ ನಿಟ್ಟುಸಿರೋ ಎಂಬುದು ಪ್ರತಿಯೊಂದು ಪದದಲ್ಲಿಯೂ ಬೇರೆಬೇರೆಯಾಗಿ ನಿಶ್ಚಯಿಸತಕ್ಕ ವಿಷಯ. ಪಾಪಿಯೊಡನೆ ತೊಳೆ, ಕಳೆ ಎಂಬ ಧಾತುಗಳು ಬಂದರೆ ಮೊದಲನೆಯದು. ನೀಗು, ನೋಡು, ಕೈಹಿಡಿ ಎಂಬವು ಬಂದರೆ ಬಹುಶಃ ಎರಡನೆಯದು. ಎರಡೂ ಕೂಡಿ ಬರುವ ಪದಗಳೂ ಇವೆ. ಅಂತಹ ಕಡೆ ಸಂಪಾದಕರು ಶಬ್ದಾರ್ಥದ ಪಟ್ಟಿಯಲ್ಲಿ ಒಂದನ್ನೇ ಬರೆದು ಇನ್ನೊಂದನ್ನು ಬಿಟ್ಟುಬಿಡುವುದಕ್ಕಿಂತ, ಆ ಪದವನ್ನು ಇಂದಿಗೂ ಹಾಡುವ ಭಜನೆಯವರನ್ನು ಕೇಳಿ, ಯಾವ ನುಡಿಯಲ್ಲಿ ಅವರ ದನಿ ತಗ್ಗುವುದೆಂದು ಗುರುತಿಸಿಕೊಳ್ಳುವುದು ಮೇಲು.